ಕೊಳ್ಳುವ ಸೇರು, ಮಾರುವ ಸೇರು

ನಮ್ಮ ಮಾವನವರದು ಹೊಳೆನರಸೀಪುರದಲ್ಲಿ ದವಸದ ಮಂಡಿ. ಅರಕಲಗೂಡಿನ ಬಡ ಮೇಷ್ಟ್ರ ಮಗಳು ನಾನು. ಆ ಮಹಡಿ ಮನೆಗೆ ಸೊಸೆಯಾಗಿ ಬಂದಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನ್ಯಾಯವಾಗಿ ದುಡಿದರೆ ಇಷ್ಟು ಕೂಡುತ್ತದೆಯೇ ಎಂದು ಊರವರು ಆಡಿಕೊಳ್ಳುತ್ತಿದ್ದರು. ಹೊಟ್ಟೆಕಿಚ್ಚಿನ ಮುಂಡೇವು ಅಂದುಕೊಂಡಿದ್ದೆ.

ಮೊದಲನೇ ವರ್ಷದ ಆಯುಧಪೂಜೆಗೆ ಅತ್ತೆ ಮಂಡಿಯಲ್ಲಿ ದವಸ ಅಳೆಯುವ ಎರಡು ಸೇರುಗಳನ್ನು ತೊಳೆಯಲು ಕೊಟ್ಟರು. ನೋಡಲು ಎರಡೂ ಒಂದೇ. ಒಂದರ ತುಂಬ ಇದ್ದ ನೀರನ್ನು ಇನ್ನೊಂದಕ್ಕೆ ಸುರಿದೆ, ತುಂಬಿ ಚೆಲ್ಲಿತು.

"ದೊಡ್ಡದು ಕೊಳ್ಳಕ್ಕೆ, ಚಿಕ್ಕದು ಮಾರಕ್ಕೆ ಕಣಮ್ಮ. ಬಾಯ್ಮುಚ್ಕೊಂಡು ತೊಳಿ" ಎಂದರು ಅತ್ತೆ. ಆಮೇಲೆ ಎರಡಕ್ಕೂ ವಿಭೂತಿ ಬಳಿದು, ಹೂವಿಟ್ಟು, ಎಲ್ಲರೂ ಕೈಮುಗಿದೆವು. ಥೂ, ನಾನೂ ಮುಗಿದೆ.

ಆಗಿನ್ನೂ ಕಿಲೋ ಬಂದಿರಲಿಲ್ಲ. ಮನೆಯಲ್ಲಿ ಅಳೆದು ತಂದ ರಾಗಿ ಮಂಡಿಯಲ್ಲಿ ಕಡಿಮೆಯಾಗುತ್ತದೆ ಎಂದು ಒಂದು ಸುಗ್ಗಿಯಲ್ಲಿ ರೈತರು ಗಾಡಿ ನಿಲ್ಲಿಸಿ ಜಗಳಕ್ಕೆ ಬಂದರು.

"ನಡೀರ್ಲಾ ಗುಡಿಗೆ! ಕರ್ಪೂರ ಆರಿಸಿ ಆಣೆ ಮಾಡ್ತೀನಿ" ಎಂದು ಮಾವ ಅಬ್ಬರಿಸಿದರು.

ಗುಂಪಿನಲ್ಲಿದ್ದ ಮುದುಕನೊಬ್ಬ ಮುಂದೆ ಬಂದ. "ಅಂಗಲ್ಲ ಸಾವ್ಕಾರ್ರೇ. ಮೊಮ್ಮಗನ ತಲೆ ಮುಟ್ಟಿ ಆರ್ಸಿ. ಸುಳ್ಳಾದ್ರೆ ಕೂಸಿಗೆ ತಟ್ತದೆ. ನೀವು ಆರ್ಸುದ್ರೆ ನಾವು ಸುಮ್ಕೆ ಓಯ್ತೀವಿ."

"ಅದಕ್ಕೇನಂತೆ" ಎಂದುಬಿಟ್ಟರು ಮಾವ! ನನ್ನ ಎಂಟು ತಿಂಗಳ ಕೂಸನ್ನು ಕರೆತರಲು ಆಳು ಮನೆಗೆ ಬಂದ. ಕೂಸನ್ನು ಅವನ ಕೈಗೆ ಕೊಡದೆ ನಾನೇ ಎತ್ತಿಕೊಂಡು ಹೋದೆ. ಗುಡಿಯಲ್ಲಿ ತಟ್ಟೆಯ ಮೇಲೆ ಕರ್ಪೂರ ಉರಿಯುತ್ತಿತ್ತು. ನಮ್ಮ ಯಜಮಾನರು ನೆಲ ನೋಡುತ್ತ ನಿಂತಿದ್ದರು. ಆ ಪುಣ್ಯಾತ್ಮನಿಗೆ ಬಾಯಿಯೇ ಇರಲಿಲ್ಲ. ಮಾವನ ಎಡಗೈ ಮಗುವಿನ ನೆತ್ತಿಯತ್ತ ಬಂತು.

"ಬ್ಯಾಡಿ ಮಾವ! ನನ್ನ ಮಗನ್ನ ಮುಟ್ಬೇಡಿ!"

ಕಿರುಚಿದ್ದು ನಾನೇ. ಮುದುಕ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಉಳಿದವರೂ ಹಿಂದೆಯೇ ಹೋಗಿ, ಗಾಡಿಗಳನ್ನು ಬೇರೆ ಮಂಡಿಯ ಕಡೆ ತಿರುಗಿಸಿದರು.

ಮನೆಯಲ್ಲಿ ಮಾವ ಹೊಡೆಯುತ್ತಾರೆಂದೇ ಕಾದಿದ್ದೆ. ಅವರು ಜಗಲಿಯ ಮೇಲೆ ಕೂತು, ದನಿಯೆತ್ತದೆ ಕೇಳಿದರು:

"ಓದ ತಿಂಗಳು ಎದೇಲಿ ಕಫ ಕಟ್ಟಿ ಕೂಸು ನೀಲಿ ತಿರುಗ್ದಾಗ, ಕಾರು ಮಾಡ್ಕೊಂಡು ಹಾಸನಕ್ಕೆ ಓಡ್ದೆನಲ್ಲ. ಅದು ಯಾವ ಸೇರಿನ ದುಡ್ಡವ್ವಾ?"

ನಾನು ಮಗುವನ್ನು ಎದೆಗೆ ಒತ್ತಿಕೊಂಡೆ. ಆ ದೊಡ್ಡ ಸೇರೇ ಅವನನ್ನು ಉಳಿಸಿತ್ತು. ಅದು ಗೊತ್ತಿದ್ದೂ, ಮತ್ತೆ ಗುಡಿಗೆ ಕರೆದಿದ್ದರೆ ಮತ್ತೆ ಕಿರುಚುತ್ತಿದ್ದೆ.