ಎರಕದ ಎರೆಹುಳು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಶಿವಾಜಿನಗರದ ಒಂದು ಸಣ್ಣ ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕಿದ್ದೆ. ಆಗಿನ್ನೂ ಜನ ಆ ಪೇಟೆಯನ್ನು ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ಮನೆ ಹಲಸೂರಿನಲ್ಲಿ. ಮನೆಯೆಂದರೆ ನನ್ನ ಅತ್ತೆಯ ಮನೆ. ಅವರಿಗೆ ಗಂಡನಿರಲಿಲ್ಲ, ಮಗಳೊಬ್ಬಳೇ. ಹಾಗಾಗಿ ಮದುವೆಯಾದ ಮೇಲೆ ನಾನೇ ಟ್ರಂಕು ಹೊತ್ತು ಅಲ್ಲಿಗೆ ಹೋದೆ.

ಅತ್ತೆ ಹಳೆಯ ಪದ್ಧತಿಯವರು. ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಮಗಳಿಗೆ ಹೇಳುತ್ತಿದ್ದರು, ಅವಳು ನನಗೆ ಹೇಳುತ್ತಿದ್ದಳು. ನನ್ನ ಉತ್ತರವೂ ಅದೇ ದಾರಿಯಲ್ಲಿ ವಾಪಸು ಹೋಗುತ್ತಿತ್ತು. ಮೂರು ವರ್ಷ ಹೀಗೇ ನಡೆದಿತ್ತು.

ಭಾನುವಾರ ನಾನು ಹಲಸೂರು ಕೆರೆಗೆ ಗಾಳ ಹಾಕಲು ಹೋಗುತ್ತಿದ್ದೆ. ಎರೆಹುಳು ಬೇಕೆಂದರೆ ಹಿತ್ತಲಿನಲ್ಲಿ ಅತ್ತೆ ಬೆಳೆಸಿದ್ದ ಸೊಪ್ಪಿನ ಮಡಿಗಿಂತ ಒಳ್ಳೆಯ ಜಾಗವಿರಲಿಲ್ಲ. ಒಂದು ಬೇಸಿಗೆ ಅರ್ಧ ಮಡಿ ದಂಟಿನ ಸೊಪ್ಪು ನನ್ನ ಗುದ್ದಲಿಗೆ ಮಲಗಿಬಿಟ್ಟಿತು. ಅತ್ತೆ ಬಾಗಿಲಿಗೆ ಬಂದು ನಿಂತರು. ನಾನು ಗುದ್ದಲಿ ಹಿಡಿದು ಮೂರು ಮಾರು ದೂರದಲ್ಲಿದ್ದೆ.

"ಅವ್ರಿಗೆ ಹೇಳೇ, ಮೀನು ಬೇಕಿದ್ರೆ ಕೆರೆ ಅಗೀಲಿ, ನನ್ ಮಡಿ ಬೇಡ ಅಂತ" ಎಂದು ಮಗಳಿಗೆ ಹೇಳಿದರು. ಅವಳು ನನ್ನ ಕಡೆ ತಿರುಗಿ ಒಂದಕ್ಷರ ಬಿಡದೆ ಒಪ್ಪಿಸಿದಳು.

ಅದೇ ವಾರ ಕೆರೆಯ ಏರಿಯ ಮೇಲೆ ಒಬ್ಬ ಬಿಳಿಯ ಸಿಪಾಯಿ ಗಾಳ ಹಾಕುತ್ತಿದ್ದ. ಅವನ ಕೊಕ್ಕೆಯಲ್ಲಿದ್ದದ್ದು ರಬ್ಬರಿನ ಹುಳು. ಅವನು ಏನೇನೋ ವಿವರಿಸಿದ. ದಿನವಿಡೀ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸುವ ನನಗೆ ನೆಟ್ಟಗೆ ಆಡಿದ ಇಂಗ್ಲಿಷ್ ಅರ್ಥವಾಗಲಿಲ್ಲ. ಆದರೆ ಹುಳುವನ್ನು ಹಿಸುಕಿ ನೋಡಿದೆ. ಅದರ ಮೆದುತನ ನನ್ನ ಬೆರಳಿಗೆ ಗೊತ್ತಿದ್ದದ್ದೇ. ನಮ್ಮ ಛಾಪಖಾನೆಯಲ್ಲಿ ಮೊಳೆಗಳಿಗೆ ಮಸಿ ಸವರುವ ಉರುಳೆ ಹಾಗೇ ಇತ್ತು. ಬಡಗಿಗಳ ಅಂಟನ್ನು ಬೆಲ್ಲದ ಪಾಕದ ಜೊತೆ ಕರಗಿಸಿ ಎರೆದು ಅದನ್ನು ಮಾಡುತ್ತಿದ್ದರು. ಅದನ್ನೇ ಕರಗಿಸಿ ಹುಳು ಎರೆದರೆ ಮಡಿ ಅಗೆಯಬೇಕಿಲ್ಲ ಎಂದುಕೊಂಡು, ಬಿಸಿಲಿಗೆ ಸೀಳು ಬಿಟ್ಟ ಹಳೆಯ ಉರುಳೆಯ ಒಂದು ತುಂಡನ್ನು ಯಜಮಾನರನ್ನು ಕೇಳಿ ಮನೆಗೆ ತಂದೆ.

ಇನ್ನು ಬೇಕಾಗಿದ್ದದ್ದು ಕರಗಿಸುವ ಪಾತ್ರೆ. ಮನೆಯ ಪಾತ್ರೆ ಮುಟ್ಟುವ ಧೈರ್ಯವಿರಲಿಲ್ಲ. ಶಿವಾಜಿನಗರದ ಗುಜರಿ ಅಂಗಡಿಗೆ ಹೋದೆ. ಅಂಗಡಿಯವರು ಮುದುಕರು, ತಾಳ್ಮೆಯವರು. ಏನು ಕರಗಿಸುತ್ತೀರಿ ಎಂದು ಕೇಳಿದರು. ಹುಳು ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಸಿಪಾಯಿಗಳು ಊಟಕ್ಕೆ ಬಳಸುವ ಒಂದು ಅಲ್ಯೂಮಿನಿಯಂ ಡಬ್ಬಿ ಕೊಟ್ಟರು. ತೆಳ್ಳಗಿತ್ತು, ಬೇಗ ಕಾಯುತ್ತದೆ ಎಂದು ನಾನೂ ಮೆಚ್ಚಿದೆ.

ಬೇಗ ಕಾಯಿತು. ಅದೇ ಕಷ್ಟವಾಯಿತು. ಇದ್ದಿಲ ಒಲೆಯ ಮೇಲಿಟ್ಟು ಮೂರು ನಿಮಿಷವಾಗಿರಲಿಲ್ಲ, ತಳ ಹಿಡಿದು ಹೊಗೆಯೆದ್ದಿತು. ಆ ಅಂಟು ತೊಗಲು, ಮೂಳೆ ಬೇಯಿಸಿ ತೆಗೆದದ್ದು. ಹೊತ್ತಿದ ವಾಸನೆ ಬೀದಿಯುದ್ದಕ್ಕೂ ಹೋಯಿತು. ಎದುರುಮನೆಯವರು ಬಂದು, ನಿಮ್ಮ ಅಟ್ಟದಲ್ಲಿ ಹೆಗ್ಗಣ ಸತ್ತಿರಬೇಕು, ಹುಡುಕಲು ನಾವೂ ಬರಬೇಕಾ ಎಂದು ವಿಚಾರಿಸಿದರು. ಅತ್ತೆ ಅವರಿಗೆ ಏನೋ ಹೇಳಿ ಕಳಿಸಿದರು. ನನಗೆ ಮಗಳ ಮೂಲಕವೂ ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಛಾಪಖಾನೆಯಲ್ಲಿ ಅಂಟನ್ನು ನೇರ ಬೆಂಕಿಗೆ ಇಡುವುದಿಲ್ಲ, ಕುದಿಯುವ ನೀರಿನೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತಾರೆ ಎಂಬುದು ಆಮೇಲೆ ನೆನಪಾಯಿತು. ಮುಂದಿನ ವಾರ ಮತ್ತೆ ಗುಜರಿಗೆ ಹೋಗಿ ಉದ್ದ ಮೂತಿಯ ಪಿಂಗಾಣಿ ಲೇಪದ ಟೀ ಕೆಟಲು ತಂದೆ. ಕರಗಿಸುವುದೂ ಅದರಲ್ಲೇ, ಸುರಿಯುವುದೂ ಅದರಲ್ಲೇ ಎಂದು ನನ್ನ ಲೆಕ್ಕಾಚಾರ. ಹುಳುವಿನ ಅಚ್ಚಿಗೆ ಪರಂಗಿ ಎಲೆಯ ಟೊಳ್ಳು ದಂಟುಗಳ ಸಣ್ಣ ತುದಿಗಳನ್ನು ಕತ್ತರಿಸಿ, ಒಳಗೆ ಹರಳೆಣ್ಣೆ ಹಾಯಿಸಿ, ಮರಳಿನ ಬಟ್ಟಲಿನಲ್ಲಿ ನೆಟ್ಟಗೆ ನಿಲ್ಲಿಸಿದೆ.

ಈ ಸಲ ಕೆಟಲನ್ನು ಕುದಿಯುವ ನೀರಿನಲ್ಲಿಟ್ಟೆ, ಉರುಳೆಯ ಉಳಿದ ಚೂರು ಹೊಗೆಯಿಲ್ಲದೆ ಚೆನ್ನಾಗಿ ಕರಗಿತು. ಕೆಟಲು ಬಗ್ಗಿಸಿದೆ. ಒಂದು ದಂಟು ಅರ್ಧ ತುಂಬುವಷ್ಟರಲ್ಲಿ ಧಾರೆ ನಿಂತಿತು. ನೀರಿನಿಂದ ಹೊರಗಿದ್ದ ಮೂತಿ ತಣ್ಣಗಿತ್ತು, ಅಂಟು ಒಳಗೇ ಗಟ್ಟಿಯಾಗಿತ್ತು. ಹೆಂಡತಿ ಬೀದಿ ನಲ್ಲಿಗೆ ನೀರು ತರಲು ಹೋಗಿದ್ದಳು. ಅವಳ ಹೇರ್‌ಪಿನ್ನು ಹುಡುಕಿ ಮೂತಿಗೆ ಚುಚ್ಚತೊಡಗಿದೆ. ಪಿನ್ನೂ ಒಳಗೇ ಸಿಕ್ಕಿಕೊಂಡಿತು.

ಬಾಗಿಲ ಹಿಂದೆ ಹೆಜ್ಜೆ ಸದ್ದಾಯಿತು. ಅತ್ತೆ ಮೊದಲು ಕಂಬಕ್ಕೆ ಹೇಳಿದರು: "ಮೂತಿ ಅಷ್ಟುದ್ದ ಇದ್ರೆ ಪಾಕ ಎಲ್ಲಿ ನಿಲ್ಲುತ್ತೆ." ಕಂಬ ಉತ್ತರ ಕೊಡಲಿಲ್ಲ. ನಾನು ಕೊಡಬಹುದೋ ಬಾರದೋ ತಿಳಿಯದೆ ಸಿಕ್ಕಿಕೊಂಡ ಪಿನ್ನನ್ನು ಎಳೆದೆ. ಕೆಟಲಿನ ಅಂಚಿನಲ್ಲಿ ಅಂಟು ಕೆನೆಗಟ್ಟುತ್ತಿತ್ತು. ಅವರು ಒಳಗೆ ಹೋಗಿ, ಏನೋ ತಡಕಾಡಿ, ಸೆರಗು ಸಿಕ್ಕಿಸಿಕೊಂಡು ನೇರವಾಗಿ ನನ್ನ ಮುಂದೆ ಬಂದು ಕೂತರು. ಕೈಯಲ್ಲಿ ಒಂದು ಹಿತ್ತಾಳೆಯ ಒಳಲೆ ಇತ್ತು.

"ಅದನ್ನ ಬಿಡಿ ಅತ್ಲಾಗೆ. ಇದನ್ನ ಬಿಸಿನೀರಲ್ಲಿ ಅದ್ದಿ, ಇದ್ರಲ್ಲಿ ಮೊಗೆದು ಹುಯ್ಯಿರಿ" ಎಂದರು.

ಹುಯ್ದೆ. ಕೂಸಿಗೆ ಹಾಲು ಕುಡಿಸುವ ಒಳಲೆಯ ಕೊಕ್ಕು ಗಿಡ್ಡ. ಅಂಟು ಹನಿಯೂ ಚೆಲ್ಲದೆ ಇಳಿಯಿತು. ನಾಲ್ಕನೆಯ ದಂಟಿಗೆ ನಾನು ಅಂಚು ಮೀರಿ ಹುಯ್ದದ್ದು ಕಂಡು, ಕೊಡಿ ಇಲ್ಲಿ ಎಂದು ಅವರೇ ತೆಗೆದುಕೊಂಡರು. ನಾನು ದಂಟು ಹಿಡಿದೆ, ಅವರು ಹುಯ್ದರು. ಅಲುಗಿಸಬೇಡಿ ಎಂದರು, ಇನ್ನೊಂಚೂರು ಓರೆ ಮಾಡಿ ಎಂದರು. ಹೂಂ, ಹೂಂ ಎನ್ನುತ್ತಾ ನಾನು ಎರಡು ಬೆರಳು ಸುಟ್ಟುಕೊಂಡೆ.

ಕೊಡ ಹೊತ್ತು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಅಮ್ಮನೂ ಗಂಡನೂ ಎದುರುಬದುರು ಕೂತು ಮಾತಾಡುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಕಣ್ಣು ಒಳಲೆಯ ಮೇಲೆ ಬಿತ್ತು.

"ಅಮ್ಮಾ, ಅದ್ರಲ್ಲಿ ನಾನು ಹಾಲು ಕುಡಿದಿದ್ದು."

"ಈಗೇನ್ ಕುಡಿತಿದ್ದೀಯಾ?" ಎಂದರು ಅತ್ತೆ, ಕೈ ನಿಲ್ಲಿಸದೆ.

ಆ ಹುಳುಗಳು ನೋಡಲು ಚೆಂದವಿದ್ದವು, ಜೇನಿನ ಬಣ್ಣ. ಭಾನುವಾರ ಕೆರೆಗೆ ಒಯ್ದೆ. ನೀರಿಗೆ ಬಿಟ್ಟ ಹತ್ತೇ ನಿಮಿಷಕ್ಕೆ ಊದಿಕೊಂಡು ಸಿಂಬಳದಂತಾಗಿ ಕೊಕ್ಕೆಯಿಂದ ಜಾರಿಹೋದವು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಆದದ್ದನ್ನು ಹೇಳಿದೆ. ಯೋಚನೆ ಮಾಡಿ, ಒಸಡು ಸಡಿಲವಾದರೆ ಪಟಿಕದ ನೀರು ಮುಕ್ಕಳಿಸಿ ಗಟ್ಟಿ ಮಾಡಿಕೊಳ್ಳುವುದಿಲ್ಲವೇ, ಹುಳುವಿಗೂ ಅದನ್ನೇ ಮಾಡೋಣ ಎಂದರು. ನನಗೆ ನಗು ಬಂತು, ತಡೆದುಕೊಂಡೆ. ಉಳಿದ ಹುಳುಗಳನ್ನು ಎರಡು ದಿನ ಪಟಿಕದ ನೀರಿನಲ್ಲಿ ನೆನೆಸಿಟ್ಟೆವು. ತೊಗಲಿನಂತೆ ಬಿಗಿದುಕೊಂಡವು.

ಮುಂದಿನ ಭಾನುವಾರ ಒಂದೇ ಹುಳು ಅರ್ಧ ಗಂಟೆಗೂ ಮೇಲೆ ನಿಂತಿತು, ಮೊಳದುದ್ದದ ಒಂದು ಕೊರಮೀನು ಅದನ್ನು ನಂಬಿತು. ಸಿಪಾಯಿ ಅವತ್ತು ಇರಲಿಲ್ಲ. ತೋರಿಸಬೇಕೆಂದು ಸುಮಾರು ಹೊತ್ತು ಕಾದೆ. ಕೊನೆಗೆ ಮೀನು ವಾಸನೆ ಬಂದೀತೆಂದು ಮನೆಗೆ ನಡೆದೆ.

ಅತ್ತೆ ಅದನ್ನು ಹುಣಸೆಹಣ್ಣು ಕಿವುಚಿ ಸಾರು ಮಾಡಿದರು. ತಾವೇ ಬಡಿಸಿದರು. ಊಟದುದ್ದಕ್ಕೂ ಮುಂದಿನ ಎರಕಕ್ಕೆ ಬೆಲ್ಲ ಎಷ್ಟಿರಬೇಕು, ಎಳೆ ಪಾಕವೋ ಗಟ್ಟಿ ಪಾಕವೋ ಎಂದು ಮಾತಾಡಿದರು. ಹೆಂಡತಿ ನನಗೆ ಇನ್ನೊಂದು ಮುದ್ದೆ ಬೇಕೇ ಎಂದು ಕೇಳಲು ಎರಡು ಸಲ ಬಾಯಿ ತೆರೆದಳು, ಜಾಗ ಸಿಗಲಿಲ್ಲ. ಕೊನೆಗೆ ಕೇಳದೆಯೇ ತಟ್ಟೆಗೆ ಹಾಕಿಬಿಟ್ಟಳು.