ಮೂರನೆಯ ಬಾವಿಯ ಕೊನೆಯ ರಿಪೋರ್ಟು

ಹೋದ ತಿಂಗಳು ಒಂದು ಮಧ್ಯಾಹ್ನ, ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ ಘಾಟ್ಕೋಪರಿನಿಂದ ವಿಲೆ ಪಾರ್ಲೆಗೆ ನನ್ನನ್ನು ನೋಡಲು ಬಂದಳು. ಹುಡುಗಿ ಎನ್ನುತ್ತೇನೆ, ಅವಳಿಗೂ ಈಗ ರಿಟೈರ್ ಆಗುವ ವಯಸ್ಸು. ಬೆಳಗಾವಿಯವಳು. ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

“ನ್ಯೂಸ್ ನೋಡಿದ್ರೇನ್ರಿ ಮೇಡಮ್? ನಮ್ಮ ಮೂರನೇ ಬಾವಿ ಬಾಜೂಕ ಬೇರೆ ಕಂಪನ್ಯಾವ್ರಿಗೆ ಎಣ್ಣಿ ಸಿಕ್ಕೈತಿ. ನಾವು ನಿಲ್ಲಿಸಿದ್ದಕ್ಕಿಂತ ಥೋಡಾ ಕೆಳಗ, ಬಸ್!”

ಆ ಬಾವಿಯನ್ನು ನಿಲ್ಲಿಸಿ ಎಂದು ಬರೆದವಳು ನಾನು.

ನಾನು ಪೆಟ್ರೋಲಿಯಂ ಜಿಯಾಲಜಿಸ್ಟ್ ಆಗಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕ್ರೋಶಾ ಹಾಕುವುದನ್ನೂ ನೀಟ್ ಹ್ಯಾಂಡ್‌ರೈಟಿಂಗನ್ನೂ ಕಲಿಸಿದ್ದರು. ಪರದೇಶದ ಮರುಭೂಮಿಯಲ್ಲಿ ಎರಡನೆಯದು ಮಾತ್ರ ಉಪಯೋಗಕ್ಕೆ ಬಂತು. ಒಂದು ತಿಂಗಳು ಕ್ಯಾಂಪು, ಒಂದು ತಿಂಗಳು ಮುಂಬೈ. ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರುಗಳನ್ನು ತೊಳೆದು, ಮೈಕ್ರೋಸ್ಕೋಪಿನಡಿ ನೋಡಿ, ಅನುಮಾನವಿದ್ದರೆ ಹಲ್ಲಿನಲ್ಲಿ ಕಡಿದು ನೋಡುವುದು ಕೆಲಸ. ಕರಕರ ಎಂದರೆ ಮರಳಿನಂಶವಿದೆ, ಎಣ್ಣೆಗೆ ಜಾಗವಿದ್ದೀತು. ನುಣ್ಣಗೆ ಜಾರಿದರೆ ಬರೀ ಜೇಡಿ.

ನನ್ನ ಅತ್ತೆ ಧಾರವಾಡದವರು. ಬಿಲ್ಡಿಂಗಿನವರಿಗೆಲ್ಲ ಹೇಳುತ್ತಿದ್ದರು: “ನಮ್ಮ ಸೊಸಿ ಒಂದಿನಾ ಅಕ್ಕ್ಯಾಗಿನ ಕಲ್ಲು ಆರಿಸ್ಲಿಲ್ರಿ. ಕಲ್ಲು ತಿನ್ನಾಕ ವಿಮಾನ ಹತ್ತಿ ಹೋಗ್ತಾಳ ನೋಡ್ರಿ!” ಆದರೆ ನಾನಿಲ್ಲದ ತಿಂಗಳುಗಳಲ್ಲಿ ನನ್ನ ಮಗಳಿಗೆ ಜಡೆ ಹೆಣೆದು ಸ್ಕೂಲಿಗೆ ಕಳಿಸಿದವರೂ ಅವರೇ.

ಮೂರನೆಯ ಬಾವಿಯಲ್ಲಿ ದಿನಗಟ್ಟಲೆ ಜೇಡಿಯೇ ಬಂತು. ಇನ್ನೂ ಕೊರೆಯಬೇಕೇ, ಮುಚ್ಚಬೇಕೇ ಎಂದು ಹೆಡ್ ಆಫೀಸು ಕೇಳಿತು. ಸಂಜೆಯೊಳಗೆ ನನ್ನ ರಿಪೋರ್ಟು ಹೋಗಬೇಕಿತ್ತು. ಮಧ್ಯಾಹ್ನ ಮನೆಯವರ ಫೋನು: “ಅವ್ವ ಬಾತ್‌ರೂಮಿನ್ಯಾಗ ಬಿದ್ದಾಳ. ಹಿಪ್ ಫ್ರ್ಯಾಕ್ಚರ್. ನಿನ್ನ ಹೆಸರ ತೊಗೊಳ್ಳಾಕತ್ತಾಳ. ಯಾವಾಗ ಬರ್ತಿ?”

ವಾರಕ್ಕೊಂದೇ ವಿಮಾನ, ಅದು ನಾಡಿದ್ದು. ಬಾವಿ ಮುಚ್ಚಿದರೆ ನಾನು ಹೊರಡಬಹುದಿತ್ತು.

ಆ ದಿನ ಕೊನೆಯ ಚೂರುಗಳು ಹಲ್ಲಿಗೆ ತುಸು ಕರಕರ ಎಂದಿದ್ದವು. ಎಣ್ಣೆಯ ಇನ್ನೊಂದು ಸುಳಿವಾದ ಗ್ಯಾಸ್ ರೀಡಿಂಗ್ ಕೂಡ ಸ್ವಲ್ಪ ಏರಿತ್ತು, ತುಂಬಾ ಅಲ್ಲ. ಫೋನು ಬಾರದಿದ್ದರೆ ಇನ್ನೆರಡು ದಿನ ಕೊರೆಯಿರಿ ಎಂದು ಬರೆಯುತ್ತಿದ್ದೆನೋ ಏನೋ. ಬಹುಶಃ ಬರೆಯುತ್ತಿದ್ದೆ. ಆದರೆ ‘ನಾಟ್ ಸಿಗ್ನಿಫಿಕೆಂಟ್’, ಬಾವಿ ಮುಚ್ಚಬಹುದು ಎಂದು ಬರೆದು, ನೀಟಾಗಿ ಸಹಿ ಹಾಕಿದೆ. ಮರುದಿನ ಬಾವಿಗೆ ಸಿಮೆಂಟು ತುಂಬಿದರು.

ಆಸ್ಪತ್ರೆಯಲ್ಲಿ ಅತ್ತೆ ಕಣ್ಣು ತೆರೆದು, “ಕೆಲ್ಸಾ ಮುಗಿಸಿ ಬಂದ್ಯೇನವಾ?” ಎಂದರು.

“ಹೂಂ ಅತ್ತಿ, ಮುಗೀತು.”

ಅದಾಗಿ ಅವರು ಆರು ವರ್ಷ ಬದುಕಿದರು, ಕೋಲು ಹಿಡಿದು ನಡೆದರು. ಆ ಸಂಜೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಹುಡುಗಿ ಬಿಸ್ಕೀಟು ಚಹಾದಲ್ಲಿ ಅದ್ದುತ್ತ ಹೇಳಿದಳು, “ಆವಾಗ ಯಾಕ ನಿಲ್ಲಿಸಿದ್ರು ಅಂತ ಆಫೀಸಿನ್ಯಾಗ ಎಲ್ಲಾರೂ ಕೇಳಾಕತ್ಯಾರ್ರಿ. ಕಲ್ಲಿನ್ಯಾಗ ಏನೂ ಇರ್ಲಿಲ್ಲ, ಇದ್ರ ನಮ್ಮ ಮೇಡಮ್ ಬಿಡೂ ಪೈಕಿನ ಅಲ್ಲ ಅಂತ ಹೇಳೀನಿ.”

“ಗ್ಯಾಸ್ ಏರಿತ್ತು,” ಎಂದೆ. “ಐ ಸಾ ಇಟ್. ಅತ್ತಿ ಬಿದ್ದಿದ್ರು, ನನಗ ಮನೀಗೆ ಬರಬೇಕಿತ್ತು.”

ಅವಳ ಬಿಸ್ಕೀಟು ಮುರಿದು ಕಪ್ಪಿನಲ್ಲಿ ಬಿತ್ತು. “ಅರೆ, ಜಾನೇ ದೋ ಮೇಡಮ್. ಇಷ್ಟ್ ವರ್ಷಾದ ಮ್ಯಾಲೆ ಯಾರ್ ಕೇಳ್ತಾರ?”

“ಈಗ ಕೇಳಾಕತ್ಯಾರ ಅಂದ್ಯಲ್ಲ. ಇನ್ನ ಮ್ಯಾಲೆ ಹಂಗ ಹೇಳಬ್ಯಾಡ.”

“ಹಂಗಾರ ಏನ್ ಹೇಳ್ಲಿರಿ?”

“ಮೇಡಮ್‌ಗ ಅವಸರ ಇತ್ತು ಅಂತ ಹೇಳು.”