ದೇವರ ದನಕ್ಕೆ ಹೆಣೆದು ಮಿಕ್ಕ ನೂಲು

ಆ ಬೆಳಿಗ್ಗೆಯೂ ನಾನು ಎರಡು ಬಾಚಣಿಗೆ ಎತ್ತಿಟ್ಟುಕೊಂಡೆ. ಒಂದು ಮಗಳದು, ಕನ್ನಡಿಯ ಕೆಳಗಿನ ಗೂಡಿನಲ್ಲಿರುವುದು. ಇನ್ನೊಂದು ಹಸಿರು ಬಾಚಣಿಗೆ, ಹೊರಜಗಲಿಯ ಕಿಟಕಿ ಸರಳಿಗೆ ಸಿಕ್ಕಿಸಿಟ್ಟದ್ದು. ಮಾರ್ಗಳಿ ತಿಂಗಳ ಚಳಿ. ಐದೂವರೆಗೆ ಬಾಗಿಲ ಮುಂದೆ ರಂಗೋಲಿಯ ಕೋಲ ಹಾಕಿ, ಹಾಲು ಕಾಯಿಸಿ, ದ್ರಾಕ್ಷಿ ತೋಟಕ್ಕೆ ಹೊರಟ ಮನೆಯವರಿಗೆ ಕಾಫಿ ಕೊಟ್ಟು, ಇಡ್ಲಿ ಪಾತ್ರೆ ಇಳಿಸುವ ಹೊತ್ತಿಗೆ ಏಳು ದಾಟಿತ್ತು. ಮಗಳು ತಲೆಗೆ ಎಣ್ಣೆ ಸವರಿಕೊಂಡು ನನ್ನ ಮುಂದೆ ಬಂದು ಕೂತಳು. ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ, ಕಿವಿಯ ಮಗ್ಗುಲಲ್ಲಿ ಕಡುನೀಲಿ ರಿಬ್ಬನ್ನಿನ ಹೂವು ಕಟ್ಟಬೇಕು; ಶಾಲೆಯ ನಿಯಮ. ಕಟ್ಟುವಾಗ ನನ್ನ ಕಣ್ಣು ಗೇಟಿನ ಕಡೆಗೇ ಹೋಗುತ್ತಿತ್ತು.

"ಅವ್ಳು ಇವತ್ತೂ ಬರಾಕಿಲ್ಲಮ್ಮಾ. ಆ ಬಾಚಣಿಗೆ ಒಳಗಿಡು," ಎಂದಳು ಮಗಳು, ತಿರುಗಿ ನೋಡದೆ.

"ನಿಂಗೇನ್ ಗೊತ್ತು? ಬಂದ್ರೂ ಬರ್ತಾಳೆ."

"ಚುಮ್ಮಾ ಇರಮ್ಮಾ."

ಅವಳು ಎಂದರೆ ಮಗಳ ಗೆಳತಿ. ಕಾಲುವೆಯಾಚೆಯ ಕೇರಿಯ ಹುಡುಗಿ, ಮಗಳ ಜೊತೆಗೇ ಹತ್ತನೆಯ ತರಗತಿ. ಅವಳ ತಾಯಿ ಬೆಳಗಿನ ಜಾವ ನಾಲ್ಕೂವರೆಯ ಜೀಪಿನಲ್ಲಿ ಹತ್ತಾರು ಹೆಂಗಸರ ಜೊತೆ ಘಟ್ಟ ಹತ್ತಿ ಏಲಕ್ಕಿ ತೋಟಕ್ಕೆ ಹೋಗಿಬಿಡುತ್ತಾಳೆ. ಜಡೆ ಹಾಕುವವರಿಲ್ಲ. ಆರನೆಯ ತರಗತಿಯಲ್ಲಿ ಒಂದು ದಿನ ಅಂಕುಡೊಂಕು ಜಡೆಗೆ ಟೀಚರ್ ಹೊರಗೆ ನಿಲ್ಲಿಸಿದರಂತೆ. ಮರುದಿನದಿಂದ ಮಗಳು ಅವಳನ್ನು ನಮ್ಮ ಮನೆಗೆ ಕರೆತಂದಳು. ನಾಲ್ಕೂವರೆ ವರ್ಷ, ಶಾಲೆಯಿದ್ದ ದಿನವೆಲ್ಲ, ಎರಡು ತಲೆ ಬಾಚಿದ್ದೇನೆ. ಮಗಳದು ಒಳಗೆ, ಕನ್ನಡಿಯ ಮುಂದೆ. ಅವಳದು ಹೊರಗೆ, ಜಗಲಿಯ ಮೆಟ್ಟಿಲ ಮೇಲೆ. ಬೆಳಕು ಚೆನ್ನಾಗಿದೆ ಎಂದು ನಾನೇ ಮೊದಲ ದಿನ ಅಲ್ಲಿ ಕೂರಿಸಿದ್ದೆ. ಹೇನಿನ ಭಯಕ್ಕೆ ಬೇರೆ ಬಾಚಣಿಗೆ ಇಟ್ಟೆ. ಅವಳ ತಲೆಯಲ್ಲಿ ಒಂದು ದಿನವೂ ಹೇನು ಕಂಡದ್ದಿಲ್ಲ.

ಶನಿ-ಭಾನುವಾರದ ರಜೆ ಬಿಟ್ಟು, ಅವಳು ಬಾರದೆ ಅಂದಿಗೆ ಮೂರನೆಯ ದಿನ.

ಶುರುವಾದದ್ದು ಜೂನ್‌ನಲ್ಲಿ. ಶಾಲೆ ಎಲ್ಲ ಮಕ್ಕಳೂ ಯಾವುದಾದರೊಂದು ಕ್ಲಬ್ಬಿಗೆ ಸೇರಬೇಕೆಂದಿತು. ಹಸಿರು ಕ್ಲಬ್, ಕ್ವಿಜ್ ಕ್ಲಬ್, ನಾಟಕದ ಕ್ಲಬ್, ಕೈಕೆಲಸದ ಕ್ಲಬ್. ಕೈಕೆಲಸಕ್ಕೆ ಟೀಚರ್ ಇರಲಿಲ್ಲ. "ನಮ್ಮಮ್ಮ ಗಂಟು ಹಾಕ್ತಾರೆ ಮಿಸ್," ಎಂದು ಮಗಳು ಹೇಳಿಬಿಟ್ಟಳು. ದಿಂಡಿಗಲ್ಲಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಾನು ಓದುವಾಗ ಒಬ್ಬ ವಯಸ್ಸಾದ ಸಿಸ್ಟರ್ ಶನಿವಾರದ ಮಧ್ಯಾಹ್ನಗಳಲ್ಲಿ ನಮಗೆ ನೂಲಿನ ಗಂಟುಗಳನ್ನು ಕಲಿಸಿದ್ದರು. ಗಂಟು ಹಾಕಿದ ಮೇಲೆ ಎಳೆದು ನೋಡುವರು. ಸಡಿಲಾದರೆ ಪೂರ್ತಿ ಬಿಚ್ಚಿಸುವರು. ಅವರ ಕೈಯಲ್ಲಿ ಪಾಸಾದ ಗಂಟು ಮತ್ತೆ ಬಿಚ್ಚುತ್ತಿರಲಿಲ್ಲ. ಆ ಕಲಿಕೆ ಮದುವೆಯಾದ ಮೇಲೆ ಉಪಯೋಗಕ್ಕೆ ಬಂದದ್ದು ವರ್ಷಕ್ಕೊಮ್ಮೆ, ಪೊಂಗಲ್ ಹಬ್ಬದಲ್ಲಿ. ತಮಿಳುನಾಡಿನ ಈ ಕಣಿವೆಯ ನಮ್ಮ ಕನ್ನಡದ ಮನೆಗಳವರಿಗೆ ಸೇರಿದ ದೇವರ ದನಗಳ ದೊಡ್ಡಿಯೊಂದಿದೆ. ನೊಗ ಹೂಡದ, ಹಾಲು ಕರೆಯದ ದನಗಳು. ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಅವುಗಳ ಕೊರಳಿಗೆ ಮನೆಮನೆಯಿಂದ ಹೆಣೆದ ಹಗ್ಗ ಹೋಗುತ್ತದೆ. ನಾನು ಹೆಣೆಯುವುದು ಬಿಳಿ ಮತ್ತು ನೇರಳೆ ನೂಲಿನಲ್ಲಿ. ಅದಕ್ಕೊಂದು ಅರ್ಥವೇನೂ ಇಲ್ಲ. ಮದುವೆಯಾಗಿ ಬಂದ ವರ್ಷ ಅಂಗಡಿಯಲ್ಲಿ ಆ ಎರಡೇ ಬಣ್ಣ ಇದ್ದವು.

ಕ್ಲಬ್ಬಿಗೆ ಮೊದಲ ದಿನ ಒಯ್ದದ್ದು ದನದ ಹಗ್ಗಕ್ಕೆ ಹೆಣೆದು ಮಿಕ್ಕ ನೂಲು. ಹೊಸ ನೂಲಿಗೇಕೆ ಖರ್ಚು ಎಂದುಕೊಂಡೆ. ಹುಡುಗಿಯರಿಗೆ ಬೇಕಾದದ್ದು ಗೆಳೆತನದ ಪಟ್ಟಿ, ಮೊಬೈಲಿನಲ್ಲಿ ನೋಡಿದ್ದು. ಮಾದರಿಗೆ ಎರಡು ಹೆಣೆದೆ, ಒಂದೇ ಅಳತೆ, ಒಂದೇ ಬಣ್ಣ. ಒಂದನ್ನು ಮಗಳ ಕೈಗೆ ಕಟ್ಟಿದೆ. ಇನ್ನೊಂದನ್ನು ಗೆಳತಿಯ ಕೈಗೆ. ಎರಡು ಜಡೆಯ ಹಾಗೆ ಎಂದು ಅವರಿಬ್ಬರೂ ನಕ್ಕರು.

ಈ ವಯಸ್ಸಿನ ಮಕ್ಕಳಿಗೆ ಸಮವಸ್ತ್ರ ಬಿಟ್ಟಿರುವ ಜಾಗ ಬಹಳ ಕಡಿಮೆ. ಇದ್ದಷ್ಟರಲ್ಲೇ ಅವರ ಫ್ಯಾಷನ್ನೆಲ್ಲ. ಹುಡುಗಿಯರು ಗೇಟು ದಾಟಿದೊಡನೆ ಹಣೆಯ ಎರಡು ಮಗ್ಗುಲಿಂದ ಒಂದೊಂದು ಎಳೆ ಕೂದಲು ಎಳೆದು ಬಿಡುತ್ತಾರೆ. ಕೈಗಡಿಯಾರವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟುತ್ತಾರೆ. ಹುಡುಗರು ಪ್ಯಾಂಟನ್ನು ಕಾಲಗಂಟಿನ ಮೇಲೆ ಮಡಚುತ್ತಾರೆ. ಕಿವಿಯ ಮೇಲೆ ಬುರುಡೆ ಕಾಣುವಷ್ಟು ಕೂದಲು ಹೆರೆಸಿ, ನೆತ್ತಿಯಲ್ಲಿ ಮಾತ್ರ ತೆಂಗಿನ ಜುಟ್ಟು. ಖಾಲಿಯಿದ್ದದ್ದು ಮಣಿಕಟ್ಟು. ಅಲ್ಲಿಗೆ ನನ್ನ ನೂಲು ಬಂತು. ಎರಡು ತಿಂಗಳಲ್ಲಿ ಇಡೀ ಶಾಲೆಯ ಕೈಯಲ್ಲಿ ಪಟ್ಟಿ. ನನಗೆ ಹೆಮ್ಮೆಯಾಗಿತ್ತು. ಬಸ್ ಸ್ಟಾಂಡಿನಲ್ಲಿ ಅಪರಿಚಿತ ಮಕ್ಕಳ ಕೈಯಲ್ಲಿ ನನ್ನ ಗಂಟು ಕಂಡರೆ ನಿಂತು ನೋಡುತ್ತಿದ್ದೆ.

ಬಣ್ಣಗಳು ಬೇರೆಬೇರೆಯಾಗಿ ಗುಂಪುಗೂಡುತ್ತಿರುವುದನ್ನು ನಾನು ಗಮನಿಸಿದ್ದು ತಡವಾಗಿ. ಇಡ್ಲಿಯ ಹಿಟ್ಟು ಒಂದು ಬೆರಳು ಹೆಚ್ಚು ಉಬ್ಬಿದರೂ ಗೊತ್ತಾಗುವ ನನಗೆ ಇದು ಗೊತ್ತಾಗಲಿಲ್ಲ. ನಮ್ಮ ಬೀದಿಯ ಹುಡುಗರು ಬಿಳಿ-ನೇರಳೆ ನೋಡಿ, ಇದು ದೊಡ್ಡಿಯ ದನಕ್ಕೆ ಕಟ್ಟುವ ಬಣ್ಣ, ನಮ್ಮ ಜನದ ಬಣ್ಣ ಎಂದರಂತೆ. ಅದಕ್ಕೆ ಇನ್ನೊಂದು ಬೀದಿಯವರು ತಮಗೊಂದು ಜೋಡಿ ಬಣ್ಣ ಆರಿಸಿಕೊಂಡರು. ಮತ್ತೊಂದು ಜಾತಿಯವರು ಮತ್ತೊಂದು ಜೋಡಿ. ದಸರಾ ರಜೆ ಮುಗಿಯುವ ಹೊತ್ತಿಗೆ ಕೈ ನೋಡಿದರೆ ಮನೆ ತಿಳಿಯುತ್ತಿತ್ತು. "ಅಮ್ಮಾ, ಕಬಡ್ಡಿ ಟೀಮೂ ಕಲರ್ ನೋಡೇ ಮಾಡ್ತವ್ರೆ," ಎಂದು ಮಗಳು ಒಮ್ಮೆ ಹೇಳಿದಳು. ನಾನು ಅವಳ ಟಿಫಿನ್ ಡಬ್ಬಿ ಮುಚ್ಚುತ್ತಿದ್ದೆ. ಹುಡುಗಾಟ ಎಂದೆ.

ಗೆಳತಿ ತನ್ನ ಬಿಳಿ-ನೇರಳೆಯನ್ನು ಬಿಚ್ಚಲಿಲ್ಲ. ಬಿಚ್ಚಲು ಬರುವ ಗಂಟೂ ಅಲ್ಲ.

ಕಳೆದ ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೂರು ಹುಡುಗರು ಅವಳನ್ನು ನೀರಿನ ನಲ್ಲಿಯ ಹತ್ತಿರ ತಡೆದರು. ಮೂವರೂ ನಮ್ಮ ಬೀದಿಯವರು, ಒಬ್ಬ ನಮ್ಮ ಪಕ್ಕದ ಮನೆಯವನೇ. "ನಮ್ ಕಲರ್ ನಿಂಗ್ಯಾಕೆ? ಬಿಚ್ಚು," ಎಂದರಂತೆ. ಆಂಟಿ ಕಟ್ಟಿದ್ದು, ಬಿಚ್ಚೋದಿಲ್ಲ ಎಂದಳಂತೆ. ಎಳೆದರು. ನೂಲು ಹರಿಯಲಿಲ್ಲ. ಪೆನ್ಸಿಲ್ ಹೆರೆಯುವ ಬ್ಲೇಡು ತಂದರು. ಪಟ್ಟಿಯ ಜೊತೆಗೆ ಮಣಿಕಟ್ಟಿನ ಒಳಮಗ್ಗುಲೂ ಕೊಯ್ದಿತು. ಮಗಳು ತನ್ನ ಕರವಸ್ತ್ರ ಸುತ್ತಿ, ಅವಳನ್ನು ಮನೆಯವರೆಗೆ ನಡೆಸಿಕೊಂಡು ಹೋಗಿ ಬಿಟ್ಟುಬಂದಳು. ಆ ಸಂಜೆ ತನ್ನ ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸಿ ನನ್ನ ಮುಂದೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಶಾಲೆಯಲ್ಲಿ ಪೋಷಕರ ಸಭೆ. ಮಣಿಕಟ್ಟಿಗೆ ದಾರ ಕಟ್ಟುವಂತಿಲ್ಲ, ಪರೀಕ್ಷೆ ಮುಗಿಯುವವರೆಗೆ ಕ್ಲಬ್ಬುಗಳಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಓದಿ ಹೇಳಿದರು. ಮೂರು ಹುಡುಗರ ತಂದೆಯರು ಎದ್ದು ಕ್ಷಮಿಸಿ ಎಂದರು. ಯಾರ ಹತ್ತಿರ ಕೇಳುತ್ತಿದ್ದಾರೆಂದು ತಿಳಿಯಲಿಲ್ಲ, ಕೋಣೆಯಲ್ಲಿ ಆ ಹುಡುಗಿಯ ಕಡೆಯವರು ಯಾರೂ ಇರಲಿಲ್ಲ. ಅವಳ ತಾಯಿ ಏಲಕ್ಕಿ ತೋಟದಲ್ಲಿದ್ದಳು. ನಾನು ಎದ್ದು ಒಂದು ಮಾತು ಹೇಳಬಹುದಿತ್ತು: ಅದು ಯಾರ ಬಣ್ಣವೂ ಅಲ್ಲ, ಮಿಕ್ಕ ನೂಲು, ಅವಳ ಕೈಗೆ ಕಟ್ಟಿದವಳು ನಾನು. ನನ್ನ ಸಾಲಿನಲ್ಲೇ ಆ ಹುಡುಗರ ತಾಯಂದಿರು ಕೂತಿದ್ದರು. ಪಕ್ಕದ ಮನೆಯಾಕೆ ನನ್ನ ಸೀರೆಯ ಸೆರಗಿನ ಅಂಚು ಮುಟ್ಟಿ, ಒಳ್ಳೆ ಜರಿ ಎಂದಳು. ನಾನು ಹೌದು ಎಂದೆ. ಆ ಸಭೆಯಲ್ಲಿ ನನ್ನ ಬಾಯಿಂದ ಬಂದದ್ದು ಅಷ್ಟೇ.

ಮೂರನೆಯ ದಿನವಾದ ಆ ಮಂಗಳವಾರ, ಮಗಳು ಶಾಲೆಗೆ ಹೋದ ಮೇಲೆ, ನಾನು ಹೊಸ ರಿಬ್ಬನ್ ಎರಡು ಮೊಳ ಪರ್ಸಿನಲ್ಲಿಟ್ಟುಕೊಂಡು ಕಾಲುವೆ ದಾಟಿದೆ. ಪರೀಕ್ಷೆಗೆ ಮೂರು ತಿಂಗಳಿಲ್ಲ. ಹೇಗಾದರೂ ಅವಳನ್ನು ಬೆಂಚಿಗೆ ಮರಳಿಸಬೇಕು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಸೇತುವೆಯಿಂದ ಅವರ ಮನೆ ಐದು ನಿಮಿಷದ ದಾರಿ. ನಾಲ್ಕೂವರೆ ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ತಾಯಿ ಮನೆಯಲ್ಲೇ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಕಂಡು ಎದ್ದು ನಿಂತಳು. "ವಾಂಗಮ್ಮಾ, ವಾಂಗ," ಎಂದು ಕರೆದು, ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಬಾಗಿಲ ಹೊರಗೆ ಹಾಕಿದಳು. ಪಕ್ಕದ ಅಂಗಡಿಗೆ ಹೋಗಿ ಒಂದು ಕಲರ್ ಸೋಡಾ ಬಾಟಲಿ ತಂದಳು. ಮುಚ್ಚಳ ತೆಗೆಯದೆ ನನ್ನ ಕೈಗೆ ಕೊಟ್ಟಳು. "ಸೀಲ್ ಒಡ್ದಿಲ್ಲಮ್ಮಾ, ನೀವೇ ಒಡೀರಿ," ಎಂದು ತಮಿಳಿನಲ್ಲಿ ಹೇಳಿದಳು. ಒಳಗೆ ನೀರಿನ ಕೊಡ ಕಾಣುತ್ತಿತ್ತು, ಅದರ ಮೇಲೆ ಮಗುಚಿಟ್ಟ ಸ್ಟೀಲ್ ಲೋಟ. ನನಗೆ ನೀರು ಸಾಕು ಎನ್ನಬಹುದಿತ್ತು. ನಾನು ಸೀಲ್ ಒಡೆದು ಕುಡಿದೆ.

ಆಗ ಹುಡುಗಿ ಹೊರಗೆ ಬಂದಳು. ಅವಳ ತಲೆ ನೋಡಿದೊಡನೆ ನನಗೆ ತಿಳಿದುಹೋಯಿತು. ಒಂಟಿ ಜಡೆ, ತಾನೇ ಹೆಣೆದುಕೊಂಡದ್ದು, ರಿಬ್ಬನ್ನಿಲ್ಲದೆ ಬೆನ್ನ ಮೇಲೆ ಬಿಟ್ಟಿದ್ದು. ಶಾಲೆಗೆ ಹೋಗುವ ತಲೆಯಲ್ಲ ಅದು. ಹಿಂದೆ ಬಾಗಿಲ ಬಳಿ ಬಟ್ಟೆಯ ಚೀಲ ತುಂಬಿ ನಿಂತಿತ್ತು.

"ನಿಲಕ್ಕೋಟ್ಟೈಗೆ ಕಳಿಸ್ತೀನಮ್ಮಾ. ಇವಳ ಅತ್ತೆ ಅಲ್ಲಿ ಹೂ ಕಟ್ತಾಳೆ," ಎಂದಳು ತಾಯಿ. "ಹಬ್ಬ ಬಂತು, ಕೈ ಬೇಕಂತೆ."

"ಹಬ್ಬ ಮುಗಿದ ಮೇಲೆ?"

"ಆಮೇಲೂ ಹೂ ಅರಳ್ತಾವಲ್ಲ."

ಪರೀಕ್ಷೆ ಎಂದೆ. ನಾನೇ ದಿನಾ ಶಾಲೆಯ ಗೇಟಿನವರೆಗೆ ಜೊತೆಗೆ ಬರುತ್ತೇನೆ ಎಂದೆ. ಮುಖ್ಯೋಪಾಧ್ಯಾಯಿನಿ ಎಲ್ಲ ಸರಿಮಾಡಿದ್ದಾರೆ ಎಂದೆ. ತಾಯಿ ಕೇಳಿಸಿಕೊಂಡಳು. ಕೋಪವಿರಲಿಲ್ಲ, ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಗೇಟ್‌ವರೆಗೂ ನೀವು ಬರ್ತೀರಮ್ಮಾ. ಒಳಗೆ?" ಎಂದಳು. ಆಮೇಲೆ, ನನ್ನನ್ನು ಸಮಾಧಾನಪಡಿಸುವವಳಂತೆ, "ನೀವು ಕಲಿಸಿದ್ದು ವೇಸ್ಟಾಗಿಲ್ಲ. ಇವಳ ಕೈ ಎಷ್ಟು ಜೋರಾಗಿ ಓಡ್ತದೆ ಗೊತ್ತಾ? ಗಂಟು ಬಿಚ್ಚಲ್ಲ. ಇವಳತ್ತೆ ನೋಡಿದ್ರೆ ಬಿಡೋದೇ ಇಲ್ಲ," ಎಂದಳು.

ಹುಡುಗಿ ಮಣಿಕಟ್ಟನ್ನು ದಾವಣಿಯೊಳಗೆ ಇಟ್ಟುಕೊಂಡಿದ್ದಳು. ಚೀಲ ಎತ್ತಿಕೊಳ್ಳುವಾಗ ಕಂಡಿತು. ಬಿಸಿಲು ತಾಗದ ಕಡೆ ಪಟ್ಟಿಯ ಅಗಲಕ್ಕೆ ಚರ್ಮ ತಿಳಿಯಾಗಿತ್ತು. ಅದರ ಮೇಲೆ ಒಣಗುತ್ತಿದ್ದ ಗೀರು.

"ತಲೆ ಬಾಚ್ಲಾ ಒಂದ್ಸಲ?" ಎಂದು ಕೇಳಿದೆ. ಏಕೆ ಕೇಳಿದೆನೋ.

"ಪರವಾಯಿಲ್ಲೆ ಆಂಟಿ," ಎಂದಳು. "ಬಸ್ ಬಂದ್ಬಿಡ್ತದೆ. ಅವಳಿಗೆ ಹೇಳಿ, ಸೈನ್ಸ್ ನೋಟ್ ನನ್ ಹತ್ರಾನೇ ಉಳೀತು, ಕೊಟ್ಟು ಕಳಿಸ್ತೀನಿ ಅಂತ." ಹಾಗೆಂದು ಒಳಗೆ ಹೋಗಿ ನೋಟ್‌ಬುಕ್ ತಂದು ನನಗೇ ಕೊಟ್ಟಳು. ನಾನು ತಂದಿದ್ದ ರಿಬ್ಬನ್ ಪರ್ಸಿನಿಂದ ಹೊರಗೆ ಬರಲೇ ಇಲ್ಲ.

ಹನ್ನೆರಡರ ಬಸ್ಸಿಗೆ ಅವಳನ್ನು ಹತ್ತಿಸಲು ತಾಯಿ ಹೊರಟಳು. ನಾನು ಸೇತುವೆಯ ಮೇಲೆ ನಿಂತೆ. ಬಸ್ಸು ಪೆಟ್ರೋಲ್ ಬಂಕ್ ದಾಟಿ ತೇನಿಯ ರಸ್ತೆಗೆ ತಿರುಗುವವರೆಗೂ ಕಂಡಿತು. ಅಡ್ಡ ನಿಲ್ಲಬಹುದಾಗಿದ್ದ ಮಾತಿಗೆ ಶುಕ್ರವಾರವೇ ಹೊತ್ತು ಮೀರಿತ್ತು.

ಸಂಜೆ ಮಗಳು ಬಂದಳು. ನೋಟ್‌ಬುಕ್ ಮೇಜಿನ ಮೇಲೆ ನೋಡಿದಳು. ಕೋಣೆಗೆ ಹೋಗಿ, ನಾನು ಬೆಳಿಗ್ಗೆ ಕಟ್ಟಿದ್ದ ರಿಬ್ಬನ್ನುಗಳನ್ನು ತಾನೇ ಬಿಚ್ಚಿಕೊಂಡಳು. "ನಾಳೆಯಿಂದ ನಾನೇ ಬಾಚ್ಕೋತೀನಮ್ಮಾ," ಎಂದು ಒಳಗಿನಿಂದ ಹೇಳಿದಳು.

ನಾನು ಜಗಲಿಗೆ ಬಂದು ಕೂತೆ. ಹಬ್ಬಕ್ಕೆ ವಾರವಿತ್ತು. ಕಿಟಕಿ ಸರಳಿಗೆ ಈ ವರ್ಷದ ದನದ ಹಗ್ಗ ಅರ್ಧ ಹೆಣೆದು ನೇತುಹಾಕಿದ್ದೆ, ಹಸಿರು ಬಾಚಣಿಗೆಯ ಪಕ್ಕದಲ್ಲಿ. ಕೈ ಹೋಗಲಿಲ್ಲ. ಪಕ್ಕದ ಮನೆಯಾಕೆ ಮೊರದಲ್ಲಿ ಅವರೆಕಾಯಿ ತುಂಬಿಕೊಂಡು ಬಂದು, ಆ ಹುಡುಗಿ ನಾಲ್ಕೂವರೆ ವರ್ಷ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತು ಬಿಡಿಸತೊಡಗಿದಳು. ಚಳಿಯ ಮಾತು, ದ್ರಾಕ್ಷಿಯ ಮಾತು. ನಡುವೆ ತಲೆಯೆತ್ತಿ ಹಗ್ಗ ನೋಡಿದಳು. ಕೈಚಾಚಿ ಒಂದು ಗಂಟನ್ನು ಉಗುರಿನಿಂದ ಎಳೆದು ಪರೀಕ್ಷಿಸಿದಳು.

"ಅಕ್ಕಾ, ದನುಕ್ಕೆ ಹೆಣ್ದು ನೂಲು ಮಿಕ್ಕುದ್ರೆ ನಮ್ಮುಡ್ಗುನ್ಗೂ ಒಂದು ಹೆಣ್ಕೊಟ್ಬುಡು," ಎಂದಳು, ಅವರೆಕಾಳೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾ. "ಹಬ್ಬುಕ್ಕೆ ಕೈಗ್ ಕಟ್ಕಳ್ಳಿ. ಅಂಗ್ಡೀದು ಎಳುದ್ರೆ ಬಂದ್ಬುಡ್ತದೆ. ನಿಂದು ಬಿಗಿ."